ಕಾರಿನ ಬಲಗಣ್ಣು

ಮೊನ್ನೆ ಕಾರಿನ ಡಿಕ್ಕಿ ಸ್ವಚ್ಛ ಮಾಡುವ ಉತ್ಸಾಹ ಬಂತು. ಇಂಥ ಉತ್ಸಾಹ ನನಗೆ ಅಪರೂಪಕ್ಕೆ ಬರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಅಂದು ಅದು ಹೋಗುವ ಮೊದಲೇ ಸ್ಟೆಪ್ನಿಯ ಹಿಂದಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಉರುಳಿಬಂತು. ಮುಚ್ಚಳ ತೆಗೆದೆ. ಒಳಗೆ ಹತ್ತಿಯ ಹಾಸಿಗೆಯ ಮೇಲೆ, ಸೇವೆಯಲ್ಲಿದ್ದಾಗಲೇ ಮಡಿದ ನಮ್ಮ ಕಾರಿನ ಬಲ್ಬುಗಳು ಸಾಲಾಗಿ ಮಲಗಿದ್ದವು. ಒಂದೊಂದರ ಗಾಜಿನ ಮೇಲೂ ಒಂದೊಂದು ಬೊಟ್ಟು ಕುಂಕುಮ. ದೀಪದ ಕಾವಿಗೆ ಬೆಂದು ಕಾಫಿಪುಡಿಯ ಬಣ್ಣಕ್ಕೆ ತಿರುಗಿದ ಕುಂಕುಮ; ಒಂದರದು ಮಾತ್ರ ಇನ್ನೂ ಕೆಂಪಗಿತ್ತು.

ಉತ್ಸಾಹ ಅಲ್ಲಿಗೇ ಮುಗಿಯಿತು. ಡಿಕ್ಕಿಯ ಅಂಚಿನ ಮೇಲೆ ಕುಳಿತುಬಿಟ್ಟೆ. ನೀವೂ ಕುಳಿತುಕೊಳ್ಳಿ, ಜಾಗವಿದೆ.

ನಮ್ಮ ಕಾರಿಗೆ ಎರಡು ಕಣ್ಣು. ಎಡಗಣ್ಣು ಅದು ಹುಟ್ಟುವಾಗಲೇ ತಂದದ್ದು. ನಾನು ಕಾರನ್ನು ಹಿಂದಿನ ಯಜಮಾನರಿಂದ ಕೊಂಡಾಗಲೂ ಇತ್ತು, ಈಗಲೂ ಇದೆ, ನಾನು ಹೋದ ಮೇಲೂ ಇರುವ ಲಕ್ಷಣ ಕಾಣುತ್ತದೆ. ತಕರಾರಿರುವುದೆಲ್ಲ ಬಲಗಣ್ಣಿನದು. ಹೊಸ ಬಲ್ಬು ಹಾಕಿಸಿದರೆ ಒಂದೆರಡು ವಾರ ಮದುವೆ ಮನೆಯ ಹಾಗೆ ಝಗಝಗಿಸುತ್ತಿತ್ತು. ಆಮೇಲೆ ಒಂದು ಸಂಜೆ, ಯಾವ ಮುನ್ಸೂಚನೆಯನ್ನೂ ಕೊಡದೆ, ನೋಟೀಸು ಅವಧಿಯನ್ನೂ ಪಾಲಿಸದೆ ಕರ್ತವ್ಯಕ್ಕೆ ಗೈರುಹಾಜರಾಗುತ್ತಿತ್ತು. ನಾನು ಶಿರಸ್ತೇದಾರನಾಗಿ ನಿವೃತ್ತನಾದವನು. ಇಂಥ ನೌಕರರನ್ನು ಬಹಳ ನೋಡಿದ್ದೇನೆ. ಆದರೆ ಅವರಿಗೆ ಮೆಮೊ ಕೊಡಬಹುದಿತ್ತು.

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಹೊಸದಾಗಿ ಏನೇ ಬಂದರೂ ಅದು ಮೊದಲು ದೇವರ ಮುಂದೆ ಕೂಡಬೇಕು. ನನ್ನ ಹೆಂಡತಿ ಕಮಲಾ ಅದಕ್ಕೊಂದು ಬೊಟ್ಟು ಕುಂಕುಮವಿಟ್ಟು ಕೈಮುಗಿದ ಮೇಲೆಯೇ ಅದಕ್ಕೆ ಮನೆಯ ಸದಸ್ಯತ್ವ. ಕುಕ್ಕರು, ಇಸ್ತ್ರಿಪೆಟ್ಟಿಗೆ, ನನ್ನ ಹಲ್ಲಿನ ಸೆಟ್ಟು, ಎಲ್ಲವೂ ಈ ಹಾದಿಯಲ್ಲೇ ಬಂದವು. ಹೊಸ ಮೊಬೈಲು ಬಂದಾಗ ಅವಳು ಕುಂಕುಮವನ್ನು ಅದರ ಹಿಂಬದಿಯಲ್ಲಿ, ನೋಡಲು ಹಣೆಯಂತೆಯೇ ಇದ್ದ ಜಾಗದಲ್ಲಿ ಇಟ್ಟಳು. ಅದು ಕ್ಯಾಮೆರಾದ ಕಣ್ಣು. ಅವಳ ತಮ್ಮ ವೆಂಕಟೇಶನ ಮಗಳ ಮದುವೆಯ ಫೋಟೋಗಳಲ್ಲಿ ಇಡೀ ಬೀಗರ ಬಳಗ ಸೂರ್ಯೋದಯದಲ್ಲಿ ನಿಂತಂತೆ ಬಂದಿದೆ. ಮುಹೂರ್ತ ಮಧ್ಯಾಹ್ನದ್ದಾಗಿತ್ತು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಫೋಟೋ ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೊಗಳಿದರು.

ಹೀಗೆ ನಮ್ಮ ಬಲ್ಬೂ ಪೇಟೆಯ ಅಂಗಡಿಯಿಂದ ನೇರವಾಗಿ ಕಾರಿಗೆ ಹೋಗುತ್ತಿರಲಿಲ್ಲ. ಮನೆಗೆ ಬಂದು, ದೇವರ ಮುಂದೆ ಕುಳಿತು, ಬೊಟ್ಟು ಇಡಿಸಿಕೊಂಡು, ಮರುದಿನ ಬಾಷಾನ ಶೆಡ್ಡಿಗೆ ಹೋಗುತ್ತಿತ್ತು. ಬಾಷಾ ನಮ್ಮ ಕಾರಿನ ವೈರಿಂಗು ನೋಡುವವನು. ಅವನ ಶೆಡ್ಡಿನ ಎದುರಿಗೇ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾರುವ ಬಂಡಿ. ಆದ್ದರಿಂದ ಕಾರಿನ ಕಾಯಿಲೆಗಳ ಬಗ್ಗೆ ನನಗೆ ಎಂದೂ ಅತಿಯಾದ ದುಃಖವಾದದ್ದಿಲ್ಲ.

ಆದರೆ ಈ ಕಾಯಿಲೆ ಬೇರೆ. ಇದು ನನ್ನ ಶನಿವಾರಗಳಿಗೇ ಕೈಹಾಕಿತ್ತು.

ಸಿರುಗುಪ್ಪದಲ್ಲಿ ನನ್ನ ಅಕ್ಕನ ಮನೆ. ಶನಿವಾರ ಊಟವಾದ ಮೇಲೆ ನಾನು ಅಲ್ಲಿಗೆ ಹೋಗುವುದು, ಭಾವ ಮಲಗಿ ಗೊರಕೆ ಆರಂಭಿಸುವುದು, ಅಕ್ಕ ಪಡಸಾಲೆಯ ನೆಲದ ಮೇಲೆ ಬಳಪದಿಂದ ಚೌಕಾಬಾರದ ಮನೆ ಬರೆಯುವುದು, ಇವು ಮೂರೂ ಗ್ರಹಗತಿಯಷ್ಟು ನಿಶ್ಚಿತ. ಅವಳದು ಬಳೆಚೂರಿನ ಕಾಯಿ, ನನ್ನದು ಹುಣಸೆಬೀಜದ್ದು. ಚಿಕ್ಕಂದಿನಿಂದಲೂ ಹಾಗೇ. ಬಳೆಚೂರು ಒಮ್ಮೆ ನನಗೂ ಬೇಕು ಎಂದು ಕೇಳಿದಾಗ ನನಗೆ ಎಂಟು ವರ್ಷ. ಅರ್ಜಿ ಇನ್ನೂ ಅವಳ ಪರಿಶೀಲನೆಯಲ್ಲಿದೆ. ಅಕ್ಕ ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಬಿಡುವ ರೀತಿಯೇ ಬೇರೆ. ಅವು ಬೀಳುವ ಮೊದಲೇ ಅವಳು ಕಾಯಿ ನಡೆಸಲು ಬೆರಳು ಚಾಚಿರುತ್ತಾಳೆ. ಆಟ ಉದ್ದವಾಗುತ್ತದೆ. ನನ್ನ ಕಾಯಿಗಳು ಹಣ್ಣಾಗುವ ಹೊತ್ತಿಗೆ ಹೊರಗೆ ಕತ್ತಲಾಗಿರುತ್ತದೆ. ನನ್ನ ಕಾಯಿಗಳು ಸ್ವಭಾವತಃ ನಿಧಾನ.

ಒಂದು ಶನಿವಾರ ಕಮಲಾಳೂ ಬಂದಿದ್ದಳು. ಹಿಂದಿರುಗುವಾಗ ಮಸುಕು ಸಂಜೆಯಲ್ಲಿ ಬಲಗಣ್ಣು ಆರಿತು. ಎದುರಿಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರು ಬರುತ್ತಿತ್ತು. ಒಂಟಿ ದೀಪ ಕಂಡು, ರಸ್ತೆಯ ಅಂಚಿನಲ್ಲಿ ಯಾರೋ ಮೋಟರ್‌ಸೈಕಲ್ಲಿನವನು ಎಂದು ತಿಳಿದು, ಅದರ ಚಾಲಕ ಉದಾರವಾಗಿ ನನ್ನ ಪಾಲಿನ ಅರ್ಧ ರಸ್ತೆಯನ್ನೂ ತೆಗೆದುಕೊಂಡ. ನಾನು ಕಾರನ್ನು ಮಣ್ಣಿಗೆ ಇಳಿಸಿದೆ. ಟ್ರ್ಯಾಕ್ಟರು ನಮ್ಮ ಕನ್ನಡಿಯ ಪಕ್ಕದಲ್ಲೇ ಹಾದುಹೋಯಿತು. ಒಂದು ಚೀಲದಿಂದ ಒಂದಿಷ್ಟು ಭತ್ತ ಬಾನೆಟ್ಟಿನ ಮೇಲೆ ಅಕ್ಷತೆಯ ಹಾಗೆ ಉದುರಿತು. ಕಮಲಾ ಬಳ್ಳಾರಿ ಮುಟ್ಟುವವರೆಗೆ ಡ್ಯಾಶ್‌ಬೋರ್ಡು ಹಿಡಿದೇ ಕುಳಿತಿದ್ದಳು. ಮನೆಯ ಬೀಗ ತೆಗೆದ ಮೇಲೆ ಒಂದೇ ಒಂದು ಆಜ್ಞೆ ಹೊರಡಿಸಿದಳು: ಈ ದೀಪ ಕೆಡದೆ ನಿಲ್ಲುವವರೆಗೆ, ದೇವರಿಗೆ ದೀಪ ಹಚ್ಚುವ ಹೊತ್ತಿನೊಳಗೆ ಕಾರು ಮನೆಯ ಮುಂದೆ ಇರಬೇಕು.

ಇದರ ಪರಿಣಾಮವನ್ನು ಹೊರಗಿನವರು ತಿಳಿಯಲಾರರು. ಅಕ್ಕನ ಮನೆಯ ಕಾಯಿದೆಯ ಪ್ರಕಾರ ಆಟದ ನಡುವೆ ಎದ್ದವನು ಸೋತವನು. ಕಾರಣ ಏನೇ ಇರಲಿ. ಬಲಗಣ್ಣಿನ ದೆಸೆಯಿಂದ ನಾನು ಪ್ರತಿ ಶನಿವಾರ, ಹಗಲು ಹೊತ್ತಿನಲ್ಲೇ, ಕೈಯಲ್ಲಿ ಕವಡೆ ಇರುವಾಗಲೇ ಎದ್ದು ಸೋಲತೊಡಗಿದೆ. ಗೆಲ್ಲುವ ಸ್ಥಿತಿಯಲ್ಲಿದ್ದೆ ಎಂದು ಪ್ರತಿ ಸಲವೂ ಘೋಷಿಸಿ ಎದ್ದೆ. ಬಲ್ಬೊಂದು ನೆಟ್ಟಗಿದ್ದಿದ್ದರೆ ಏನಾಗುತ್ತಿತ್ತು ನೋಡು ಎಂದೆ. ಅಕ್ಕ ನನ್ನ ಹುಣಸೆಬೀಜಗಳನ್ನು ಒಟ್ಟುಮಾಡಿ ಡಬ್ಬಿಗೆ ಸುರಿಯುತ್ತ, ಹೂಂ ಎನ್ನುತ್ತಿದ್ದಳು. ಆ ಹೂಂಗೆ ಯಾವ ಮೇಲ್ಮನವಿಯೂ ಇಲ್ಲ.

ಬಾಷಾ ಕೈಚೆಲ್ಲಿ ಕೂರಲಿಲ್ಲ. ಮೀಟರು ಹಿಡಿದು ಬ್ಯಾಟರಿಯ ನಾಡಿ ನೋಡಿದ. ಚಾರ್ಜಿಂಗು ಸರಿಯಾಗಿಯೇ ಇತ್ತು. ಹೋಲ್ಡರು ಬದಲಿಸಿದ. ದೀಪದ ಹಿಂಬದಿಯ ರಬ್ಬರು ಬದಲಿಸಿದ, ನೀರು ಹೋಗುತ್ತಿರಬಹುದೆಂದು. ವೈರನ್ನು ಕೊನೆಯಿಂದ ಕೊನೆಯವರೆಗೆ ಬಿಚ್ಚಿ ಹೊಸ ಟೇಪು ಸುತ್ತಿದ. ನಾನು ಪ್ರತಿಯೊಂದು ಹಂತದಲ್ಲೂ ಎದುರಿನ ಬಂಡಿಯಿಂದ ಮೇಲ್ವಿಚಾರಣೆ ನಡೆಸಿದೆ. ಕೊನೆಗೆ ಅವನು ಎಂಜಿನ್ನಿನ ಮೇಲೆ ಮೊಣಕೈಯೂರಿ ಯೋಚಿಸಿ ಹೇಳಿದ:

"ಕರೆಂಟಿಂದು ತಪ್ಪಿದ್ರ ಎರಡೂ ಹೋಗ್ಬೇಕ್ರಿ ಸರ್. ಇದು ಒಂದ ಹೋಗ್ತೈತಿ. ಇದಕ್ಕ ನಿಮ್ಮ ಮ್ಯಾಲ ಏನೋ ಸಿಟ್ಟೈತಿ."

ಇನ್ನು ಸತ್ತ ಬಲ್ಬುಗಳ ವಿಷಯ. ಕುಂಕುಮ ಹಚ್ಚಿಸಿಕೊಂಡದ್ದನ್ನು ಕಸಕ್ಕೆ ಹಾಕುವಂತಿಲ್ಲ. ದೇವರ ನಿರ್ಮಾಲ್ಯದ ಹಾಗೆ ಹರಿಯುವ ನೀರಿಗೆ ಬಿಡಬೇಕು ಎಂದು ಕಮಲಾ. ಸಿರುಗುಪ್ಪಕ್ಕೆ ಹೇಗೂ ಹೋಗುತ್ತೀರಿ, ಕೆಂಚನಗುಡ್ಡದ ಹತ್ತಿರ ತುಂಗಭದ್ರೆಗೆ ಬಿಟ್ಟು ಬನ್ನಿ ಎಂದು ಡಬ್ಬಿ ಕೊಟ್ಟಳು. ನಾನು ಹೋದೆ ಕೂಡ. ಹೊಳೆಯ ದಂಡೆಯಲ್ಲಿ ನಿಂತು, ಡಬ್ಬಿ ತೆಗೆದು, ಗಾಜು ನೋಡಿದೆ, ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದವರ ಕಾಲು ನೋಡಿದೆ. ಮುಚ್ಚಳ ಹಾಕಿದೆ. ಬಿಟ್ಟು ಬಂದಿರಾ ಎಂದು ಮನೆಯಲ್ಲಿ ಕೇಳಿದಾಗ, ಹೊಳೆ ಬಹಳ ಚೆನ್ನಾಗಿ ಹರಿಯುತ್ತಿದೆ ಎಂದೆ. ಸರ್ಕಾರಿ ಸೇವೆಯಲ್ಲಿ ಇಂಥ ಉತ್ತರಗಳ ಅಭ್ಯಾಸವಾಗುತ್ತದೆ. ಡಬ್ಬಿ ಡಿಕ್ಕಿಯಲ್ಲೇ ಉಳಿಯಿತು, ತುಂಬುತ್ತಲೂ ಹೋಯಿತು.

ಅಷ್ಟರಲ್ಲಿ ಒಂದು ಗುರುವಾರ ಬಲಗಣ್ಣು ಮತ್ತೆ ಆರಿತು. ಆಗ ಬಂತು ನೋಡಿ, ಅಂತಿಮ ನೋಟೀಸು.

"ಇನ್ನೊಂದು ಬಲ್ಬು. ಅಷ್ಟ. ಅದೂ ಹೋತಂದ್ರ ಕಾರು ನಮ್ಮ ವೆಂಕಟೇಶನ ಮನಿ ಮುಂದ ನಿಂದರ್ತದ," ಎಂದಳು ಕಮಲಾ. "ನೀವು ಸಿರುಗುಪ್ಪಕ್ಕ ಬಸ್ಸಿನ್ಯಾಗ ಹೋಗ್ರಿ. ಆ ಟ್ರ್ಯಾಕ್ಟರ್ ನಾನು ಮರ್ತಿಲ್ಲ."

ವೆಂಕಟೇಶ ಬಹಳ ದಿನಗಳಿಂದ ನಮ್ಮ ಕಾರನ್ನು ವರನನ್ನು ನೋಡುವ ಹಾಗೆ ಸುತ್ತ ತಿರುಗಿ ನೋಡುತ್ತಿದ್ದ. ಬಸ್ಸಿನ ಮೆಟ್ಟಿಲು ಹತ್ತಿಳಿದರೆ ನನ್ನ ಮಂಡಿ ಎರಡು ದಿನ ಮಾತು ಬಿಡುತ್ತದೆ. ಅಂದರೆ ಶನಿವಾರ ಹೋಯಿತು, ಅಕ್ಕ ಹೋದಳು, ಚೌಕಾಬಾರ ಹೋಯಿತು. ಎಲ್ಲವೂ ಒಂದು ಗಾಜಿನ ಬುರುಡೆಯ ಮೇಲೆ ನಿಂತಿತ್ತು. ಶುಕ್ರವಾರ ಬಲ್ಬು ತಂದೆ. ಅದು ದೇವರ ಮುಂದೆ ಕುಳಿತು ಬೊಟ್ಟು ಇಡಿಸಿಕೊಂಡಿತು. ಬಾಷಾನ ಶೆಡ್ಡು ಅಂದೂ ಮರುದಿನವೂ ಮುಚ್ಚಿತ್ತು. ಶನಿವಾರ ಅದನ್ನು ಅದರ ರಟ್ಟಿನ ಡಬ್ಬಿಯಲ್ಲೇ ಕಾರಿನಲ್ಲಿಟ್ಟುಕೊಂಡು, ಹೊತ್ತಿಗೆ ಮುಂಚೆ ಬರುವೆನೆಂದು ಮಾತು ಕೊಟ್ಟು, ಸಿರುಗುಪ್ಪಕ್ಕೆ ಹೋದೆ.

ಅಂದು ಆಡಲು ಮನಸ್ಸಿರಲಿಲ್ಲ. ಇದೇ ಕೊನೆಯ ಶನಿವಾರವಿರಬಹುದು ಎಂದು ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಕವಡೆ ಕೆಳಗಿಟ್ಟು, ಸತ್ತವರನ್ನೂ ಬದುಕಿರುವವನನ್ನೂ ತೋರಿಸು ಎಂದಳು. ಬಿಸ್ಕತ್ತಿನ ಡಬ್ಬಿ, ರಟ್ಟಿನ ಡಬ್ಬಿ ಎರಡನ್ನೂ ತಂದು ಚೌಕಾಬಾರದ ಮನೆಯ ಮೇಲಿಟ್ಟೆ. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ರಟ್ಟಿನ ಡಬ್ಬಿಯನ್ನು ತಿರುವಿ ತಿರುವಿ ನೋಡಿದಳು. ಒಂದು ಮೂಲೆಯಲ್ಲಿ, ಇರುವೆಯಷ್ಟು ಚಿಕ್ಕದಾಗಿ, ಒಂದು ಕೈಯ ಚಿತ್ರ. ಕೈಯ ಮೇಲೆ ಅಡ್ಡಗೆರೆ.

"ಲೇ ಶೀನಾ, ಇದು ಅಪ್ಪನ ಕೈ ಅಲ್ಲೇನೋ?"

ಅಪ್ಪನ ಕೈಯ ವಿಷಯ ನಿಮಗೆ ಹೇಳಬೇಕು. ನಾವು ಬೆಳೆದದ್ದು ಕುರುಗೋಡಿನಲ್ಲಿ, ಬಂಡೆಗುಡ್ಡದ ನೆರಳು ಬೀಳುವ ಮನೆಯಲ್ಲಿ. ಅಪ್ಪ ಅಲ್ಲಿ ಶಾಲೆಯ ಮಾಸ್ತರರು. ಓಣಿಗೆಲ್ಲ ಇದ್ದದ್ದು ನಮ್ಮ ಮನೆಯ ಒಂದೇ ಪೆಟ್ರೋಮ್ಯಾಕ್ಸು. ಮದುವೆಗಳಿಗೆ ಕರೆ ಬರುತ್ತಿತ್ತು, "ಮಾಸ್ತರ್ರು ಪೆಟ್ರೋಮ್ಯಾಕ್ಸ್ ಸಮೇತ ಬರ್ಬೇಕು" ಎಂದು. ಇಬ್ಬರಲ್ಲಿ ಯಾರಿಗೆ ಆಮಂತ್ರಣ ಎಂದು ಅಪ್ಪ ಎಂದೂ ವಿಚಾರಿಸಲಿಲ್ಲ. ಸಂಜೆ ಅದನ್ನು ಪಡಸಾಲೆಯ ನಡುವೆ ಇಟ್ಟು, ಸ್ಪಿರಿಟ್ಟು ಹಾಕಿ, ಪಂಪು ಹೊಡೆದು, ಅದು ಬುಸ್ ಎಂದು ಉಸಿರುಬಿಡುವವರೆಗೆ ನಾವು ಮಕ್ಕಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಅದರ ಒಳಗೆ ಜೋತುಬಿದ್ದ ಮ್ಯಾಂಟಲ್ಲು, ಆ ಬಿಳಿಯ ಬಲೆಯ ಚೀಲ, ಒಮ್ಮೆ ಉರಿದ ಮೇಲೆ ಬರೀ ಬೂದಿ. ಬೂದಿಯಾಗಿಯೂ ಬೆಳಗುತ್ತದೆ, ಮುಟ್ಟಿದರೆ ಮಾತ್ರ ಉದುರುತ್ತದೆ. ಅಪ್ಪ ಮಾತಾಡುತ್ತಿರಲಿಲ್ಲ, ಬಲಗೈಯನ್ನು ಅಂಗೈ ಕಾಣುವ ಹಾಗೆ ಎತ್ತಿ ಹಿಡಿಯುತ್ತಿದ್ದರು.

ಮುಟ್ಟಬಾರದ ಇನ್ನೊಂದು ನಮ್ಮ ಅಜ್ಜಿ. ಸ್ನಾನ ಮಾಡಿ, ಗಳುವಿನ ಮೇಲೆ ಒಣಗಿದ ಮಡಿಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟಳೆಂದರೆ, ಅವಳ ಊಟವಾಗುವ ತನಕ ಯಾರೂ ಸೋಕುವಂತಿಲ್ಲ. ಸೋಕಿದರೆ ಮತ್ತೆ ಸ್ನಾನ, ಮತ್ತೆ ಸೀರೆ, ನಮಗೆಲ್ಲ ಊಟ ತಡ. ಹೀಗೆ ನಮ್ಮ ಬಾಲ್ಯದ ಮನೆಯಲ್ಲಿ ಹಗಲಿಗೊಂದು, ಸಂಜೆಗೊಂದು ಮುಟ್ಟಬಾರದ ವಸ್ತುವಿತ್ತು. ಅಕ್ಕ ಎರಡನ್ನೂ ಮುಟ್ಟಿದವಳು. ಶಾಲೆಯ ಇನ್‌ಸ್ಪೆಕ್ಟರು ನಮ್ಮ ಮನೆಗೆ ಊಟಕ್ಕೆ ಬರುವ ಸಂಜೆಯೇ, ಗಟ್ಟಿ ಇದೆಯೇನು ನೋಡೋಣ ಎಂದು, ಆಗಷ್ಟೆ ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಿಂದ ಮ್ಯಾಂಟಲ್ಲಿಗೆ ಬೆರಳಿಟ್ಟಳು. ಇನ್‌ಸ್ಪೆಕ್ಟರು ಬುಡ್ಡಿದೀಪದಲ್ಲಿ ಉಂಡು, ಪಲ್ಯವೆಂದು ತಿಳಿದು ಉಪ್ಪಿನಕಾಯಿಯನ್ನು ಕಲಸಿಕೊಂಡು, ಶಾಲೆಯ ಬಗ್ಗೆ ಒಳ್ಳೆಯ ಮಾತಾಡದೆ ಹೋದರು. ಆಮೇಲೆ ಅಪ್ಪನ ಅಂಗೈ ಅಕ್ಕನ ಮುಖದ ಎದುರಿಗೇ ಏಳತೊಡಗಿತು.

ಅಂಥ ಅಕ್ಕನಿಗೆ ಆ ಚಿತ್ರ ಕಂಡೊಡನೆ ಅರ್ಥವಾದದ್ದರಲ್ಲಿ ಆಶ್ಚರ್ಯವಿಲ್ಲ. ನಾನು ಅದನ್ನು ನೋಡಿರಲಿಲ್ಲವೆಂದಲ್ಲ. ಉರಿಯುವ ದೀಪಕ್ಕೆ ಕೈಯಿಟ್ಟರೆ ಸುಟ್ಟೀತು ಎಂದು ಸಾರ್ವಜನಿಕರ ಹಿತದೃಷ್ಟಿಯಿಂದ ಹಾಕಿದ್ದಾರೆ ಎಂದು ಭಾವಿಸಿ, ಕಂಪನಿಯ ಕಾಳಜಿಯನ್ನು ಮನಸ್ಸಿನಲ್ಲೇ ಮೆಚ್ಚಿದ್ದೆ.

ಅಕ್ಕ ಬಿಸ್ಕತ್ತಿನ ಡಬ್ಬಿಯಿಂದ ಸತ್ತ ಬಲ್ಬುಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿದಳು. ಪ್ರತಿಯೊಂದರ ಗಾಜೂ ಒಂದು ಜಾಗದಲ್ಲಿ ಬೆಳ್ಳಗೆ ಉಬ್ಬಿ ಗುಳ್ಳೆಯಾಗಿತ್ತು.

"ನೋಡು. ಕುಂಕುಮ ಎಲ್ಲದ, ಗುಳ್ಳಿ ಅಲ್ಲೇ ಅದ. ಕುಂಕುಮಕ್ಕ ಕಮಲಾನ ಬೆರಳು, ಬೆರಳಿಗೆ ದೇವರ ದೀಪದ ಎಣ್ಣಿ. ಎಣ್ಣಿ ಹತ್ತಿದಲ್ಲೇ ಗಾಜು ಕಾದು ಉಬ್ಬೇದ. ಎಡಗಡೀದಕ್ಕ ಯಾರರೆ ಬೊಟ್ಟು ಇಟ್ಟೀರೇನು?"

ಇಟ್ಟಿರಲಿಲ್ಲ. ಕಾರು ಬಂದ ದಿನ ಪೂಜೆಯಾದದ್ದು ಬಾನೆಟ್ಟಿಗೆ. ಎಡಗಣ್ಣಿನ ದೀರ್ಘಾಯುಷ್ಯದ ರಹಸ್ಯ ಇಷ್ಟೇ: ಅದನ್ನು ಯಾರೂ ಗೌರವಿಸಿರಲಿಲ್ಲ.

ಕಾರಣ ಸಿಕ್ಕಿತು, ಸಂಕಟ ಬೆಳೆಯಿತು. ಕಮಲಾಳಿಗೆ ಇದನ್ನು ಹೇಳುವವರು ಯಾರು? ನಿನ್ನ ದೇವರ ಕುಂಕುಮದಿಂದಲೇ ದೀಪ ಆರುತ್ತಿದೆ ಎಂದು, ನನ್ನ ಕ್ಷೇಮಕ್ಕಾಗಿಯೇ ಆ ಬೊಟ್ಟು ಇಡುವವಳಿಗೆ ಹೇಳುವುದು ಹೇಗೆ? ಹೇಳದಿದ್ದರೆ ಕಾರು ವೆಂಕಟೇಶನ ಮನೆ ಮುಂದೆ. ಕುಂಕುಮವನ್ನು ನಾನೇ ಗುಟ್ಟಾಗಿ ಒರೆಸಿಬಿಡಬಹುದಿತ್ತು. ಆದರೆ ಕುಂಕುಮ ಒರೆಸುವ ಮಾತನ್ನು ನಮ್ಮ ಮನೆಗಳಲ್ಲಿ ಬಾಯಲ್ಲೂ ಆಡುವುದಿಲ್ಲ, ಅದರಲ್ಲೂ ಗಂಡನಾದವನು ತನ್ನ ಕೈಯಿಂದಲೇ ಆ ಕೆಲಸ ಮಾಡುವುದು ದೂರದೃಷ್ಟಿಯ ಲಕ್ಷಣವಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ, ಕಾಲುವೆಯ ಪಕ್ಕದ ಗದ್ದೆಗಳಿಗೆ ಕೇಳಿಸುವಂತೆ, ವಾಕ್ಯಗಳನ್ನು ಕಟ್ಟಿ ನೋಡಿದೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ. ಬಿಸಿಲಿರುವಾಗಲೇ ಮನೆ ಮುಟ್ಟಿದೆ. ವಾಕ್ಯ ಮಾತ್ರ ಮುಟ್ಟಿರಲಿಲ್ಲ.

ಕಮಲಾ ಪಡಸಾಲೆಯಲ್ಲಿ ಕುಳಿತು ಹೂಬತ್ತಿ ಹೊಸೆದು ತುಪ್ಪದಲ್ಲಿ ಅದ್ದುತ್ತಿದ್ದಳು. ನಾನು ಎದುರಿಗೆ ಕುಳಿತು ಡಬ್ಬಿ ತೆಗೆದೆ. ಹೊಳೆಗೆ ಬಿಡದ ಸಂಗತಿ ಅದರಿಂದಲೇ ಹೊರಬಿತ್ತು. ಅವಳು ಅದನ್ನು ನೋಡಿದರೂ ನೋಡದವಳಂತೆ ಬಿಟ್ಟಳು. ಅಕ್ಕ ಹೇಳಿದ್ದನ್ನೆಲ್ಲ, ಸುತ್ತುಬಳಸಿ, ಅಪ್ಪನ ಪೆಟ್ರೋಮ್ಯಾಕ್ಸಿನಿಂದ ಹಿಡಿದು ಹೇಳಿದೆ. ಗುಳ್ಳೆಗಳನ್ನು ತೋರಿಸಿದೆ. ಅವಳು ತುಪ್ಪ ಹತ್ತಿದ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡಳು, ಬಲ್ಬನ್ನು ಒಮ್ಮೆ ನೋಡಿದಳು. ಇನ್ನೊಂದು ಹೂಬತ್ತಿ ಹೊಸೆದಳು. ನನ್ನ ಕಣ್ಣ ಮುಂದೆ ವೆಂಕಟೇಶ ಕಾರಿನ ಬಾಗಿಲು ತೆಗೆದು ಒಳಗೆ ಕುಳಿತ.

"ಅಂದ್ರ ಅದು ಮಡೀಲೆ ಇರ್ತದ ಅನ್ರಿ," ಎಂದಳು ಕೊನೆಗೆ.

ಮಡಿಯಲ್ಲಿರುವ ಅಜ್ಜಿಯ ಕೈಕೆಳಗೆ ಬೆಳೆದವನು ನಾನು. ಈ ಒಂದು ಮಾತು ನನಗೆ ಹೊಳೆದಿರಲಿಲ್ಲ.

"ಮಡೀಲಿದ್ದದ್ದನ್ನ ನಾನು ಮುಟ್ಟಿ ಮುಟ್ಟಿ ಕೆಡಿಸೀನಿ. ಪಾಪ, ಅದಕ್ಕೇನು ಬಾಯದ, ಹೇಳ್ಲಿಕ್ಕೆ? ನೀವರೆ ಡಬ್ಬಿ ಮ್ಯಾಲಿಂದು ನೋಡಿ ಹೇಳ್ಬಾರ್ದೇನು? ಸರಕಾರದಾಗೂ ಹಿಂಗ, ನೋಡದೆ ಸಹಿ ಹಾಕೀರೇನು?"

ಹಾಕಿದ್ದೆನೋ ಇಲ್ಲವೋ, ಆ ಗಳಿಗೆಯಲ್ಲಿ ಒಪ್ಪಿಕೊಳ್ಳುವುದು ಲಾಭದಾಯಕವಾಗಿ ಕಂಡಿತು.

ಮುಂದಿನ ವ್ಯವಸ್ಥೆಯನ್ನು ಅವಳು ಕುಳಿತಲ್ಲೇ ಮಾಡಿದಳು. ಬೊಟ್ಟು ಇಡಿಸಿಕೊಂಡ ಬಲ್ಬನ್ನು ಒರೆಸುವಂತಿಲ್ಲ, ಹಚ್ಚುವಂತಿಲ್ಲ. ಅದು ಬಿಸ್ಕತ್ತಿನ ಡಬ್ಬಿಗೆ ಸೇರಿತು, ಡಬ್ಬಿ ಮತ್ತೆ ಡಿಕ್ಕಿಗೆ. ಸೇವೆಗೆ ಸೇರುವ ಮೊದಲೇ ಸಕಲ ಗೌರವಗಳೊಂದಿಗೆ ನಿವೃತ್ತಿ ಪಡೆದ ಏಕೈಕ ನೌಕರ ಅದು. ಸೋಮವಾರ ಇನ್ನೊಂದು ತಂದೆ. ರಟ್ಟಿನ ಡಬ್ಬಿ ತೆರೆಯದೆ ದೇವರ ಮುಂದಿಟ್ಟು, ಡಬ್ಬಿಯ ಮೇಲೇ ಬೊಟ್ಟಿಟ್ಟು, ಎರಡು ಮಾರು ದೂರದಿಂದ ಅಕ್ಷತೆ ಹಾಕಿದಳು. ಅಜ್ಜಿಗೆ ನಾವು ನಮಸ್ಕಾರ ಮಾಡುತ್ತಿದ್ದದ್ದೂ ಅಷ್ಟೇ ದೂರದಿಂದ. ಆಮೇಲೆ ನನಗೆ ಎಚ್ಚರಿಕೆ: ಮಿರ್ಚಿ ತಿಂದ ಕೈ ಇದರ ಹತ್ತಿರ ಸುಳಿಯಕೂಡದು.

ಬಾಷಾ ಡಬ್ಬಿ ತೆಗೆದು ನೋಡಿದ. ಒಳಗೆ ಗಾಜು ಬೋಳಾಗಿತ್ತು. ಅವನ ಮುಖದಲ್ಲಿ ಒಂದು ನೆಮ್ಮದಿ ಹರಡಿದ್ದನ್ನು ಕಂಡು ನನಗೆ ಅನುಮಾನ ಬಂತು. ನಿನಗೆ ಗೊತ್ತಿತ್ತೇನು ಎಂದೆ. ಅವನು ಕತ್ತು ಕೆರೆದುಕೊಂಡ.

"ಗಾಜು ಮುಟ್ಟಬಾರ್ದು ಅಂತ ಗೊತ್ತಿತ್ರಿ ಸರ್. ಹಂಗಂತ ಅಮ್ಮಾರು ದೇವರ ಮುಂದಿಟ್ಟು ಕಳಿಸಿದ ಕುಂಕುಮ, ನಾ ಒರಸೋದು ಛಲೋ ಅನಿಸ್ಲಿಲ್ರಿ. ಬೊಟ್ಟು ಬಿಟ್ಟು ಸುತ್ತೆಲ್ಲ ಸ್ಪಿರಿಟ್ ಹಾಕಿ ಒರಸಿ ಹಾಕ್ತಿದ್ನಿ. ಅಷ್ಟಕ್ಕ ಏನಾಗ್ತೈತಿ ಅನ್ಕೊಂಡಿದ್ನಿ."

ಅಂದರೆ ಕಮಲಾ ನನ್ನ ಮೇಲಿನ ಕಾಳಜಿಯಿಂದ ಬೊಟ್ಟಿಟ್ಟಳು, ಬಾಷಾ ಅವಳ ಮೇಲಿನ ಗೌರವದಿಂದ ಅದನ್ನು ಉಳಿಸಿದ, ನಾನು ಇಬ್ಬರ ಮೇಲಿನ ವಿಶ್ವಾಸದಿಂದ ಮಿರ್ಚಿ ತಿಂದೆ. ಇಷ್ಟು ಜನರ ಸೌಜನ್ಯವನ್ನು ಯಾವ ಗಾಜು ತಾಳೀತು? ಬಾಷಾ ಒಗೆದ ಬಿಳಿಬಟ್ಟೆಯಲ್ಲಿ ಬಲ್ಬಿನ ಬುಡ ಹಿಡಿದು, ಉಸಿರು ಬಿಗಿಹಿಡಿದು, ಕೂರಿಸಿದ. ಅಂದಿನಿಂದ ಬಲಗಣ್ಣು ಉರಿಯುತ್ತಿದೆ. ವಾರಗಳು ಹೋದವು, ತಿಂಗಳುಗಳು ಆದವು. ವೆಂಕಟೇಶ ನಮ್ಮ ಮನೆಗೆ ಬಂದಾಗ ಈಗ ಕಾರಿನ ಕಡೆ ನೋಡದೆ ಒಳಗೆ ಬರುತ್ತಾನೆ.

ಕಮಲಾ ಆಜ್ಞೆ ಹಿಂತೆಗೆದುಕೊಂಡ ಮೊದಲ ಶನಿವಾರ ನಾನು ಸಿರುಗುಪ್ಪಕ್ಕೆ ಹೋದ ವೈಭವವನ್ನು ವರ್ಣಿಸುವುದಿಲ್ಲ. ಇಂದು ಆಟ ಮುಗಿಯುವವರೆಗೆ ಏಳುವುದಿಲ್ಲ ಎಂದು ಹೊಸ್ತಿಲಲ್ಲೇ ಸಾರಿದೆ. ಅಕ್ಕ ಮನೆ ಬರೆದಳು. ಆಡಿದೆವು. ಭಾವ ಗೊರಕೆ ಮುಗಿಸಿ ಎದ್ದು ಚಹಾ ಕುಡಿದು ಹೊರಗೆ ಹೋದರು. ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಎದುರು ಮನೆಯ ಗೋಡೆಗೆ ಹೋಯಿತು. ನನ್ನ ಹುಣಸೆಬೀಜಗಳಲ್ಲಿ ಒಂದು ಹಣ್ಣಾಗುವ ಹೊಸ್ತಿಲಲ್ಲಿ ನಿಂತಿತ್ತು. ಅಕ್ಕ ಕವಡೆ ಕುಲುಕಿ ಬಿಟ್ಟಳು. ಚೌಕ ಬಿತ್ತು. ಅವಳ ಬೆರಳು ಆಗಲೇ ಅಲ್ಲಿತ್ತು. ನನ್ನ ಕಾಯಿಯನ್ನು ಹೊಡೆದು, ಮೊದಲ ಮನೆಗೆ ಕಳಿಸಿ, ಅದಕ್ಕೆ ಸಿಕ್ಕ ಮರು ಆಟದಲ್ಲಿ ತನ್ನ ಕೊನೆಯ ಬಳೆಚೂರನ್ನು ಹಣ್ಣುಮಾಡಿದಳು. ಆಮೇಲೆ ಹುಣಸೆಬೀಜಗಳನ್ನು ಡಬ್ಬಿಗೆ ಸುರಿಯುತ್ತ, ನಗದೆ ಕೇಳಿದಳು:

"ಇನ್ನ ಯಾವ ದೀಪದ ಮ್ಯಾಲ ಹಾಕ್ತಿ, ಶೀನಾ?"

ಸಂಜೆ ಮಸುಕಾಗುವಾಗ ಹೊರಟೆ. ಎರಡೂ ಕಣ್ಣು ರಸ್ತೆಯನ್ನು ತುಂಬಿ ಬೆಳಗುತ್ತಿದ್ದವು. ಎದುರಿಗೆ ಬಂದ ಭತ್ತದ ಟ್ರ್ಯಾಕ್ಟರುಗಳು ದೂರದಲ್ಲೇ ಮರ್ಯಾದೆಯಿಂದ ಸರಿದು ನಿಂತವು. ಮನೆಯ ಮುಂದೆ ಕಮಲಾ ಕಾಯುತ್ತಿದ್ದಳು. ಕಾರು ತಿರುವಿನಲ್ಲಿ ಹೊರಳಿದಾಗ ಅವಳ ನೆರಳು ಎರಡಾಗಿ ಗೋಡೆಯ ಮೇಲೆ ಬಿತ್ತು.

"ದೀಪ ಉರದ್ವೇನ್ರಿ?"

"ಎರಡೂ ಉರದ್ವು."

"ಆಟ?"

"ಎರಡೂ ಉರದ್ವು ಅಂದೆನಲ್ಲ," ಎಂದು ನಾನು ಒಳಗೆ ನಡೆದೆ.